ಸಂಜೆ ಮಾತ್ರ ಮುಚ್ಚದ ಬಾಗಿಲು: ಗ್ಯಾರೇಜ್ ಸೆನ್ಸರ್ ಜೋಡಿಗೆ ಐದಕ್ಕೆ ನಾಲ್ಕು ನಕ್ಷತ್ರ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ನಮ್ಮ ಮನೆಯ ಗ್ಯಾರೇಜ್ ಪಶ್ಚಿಮಕ್ಕೆ ಮುಖ ಮಾಡಿದೆ. ನವೆಂಬರ್‌ನಲ್ಲಿ ಅದರ ಬಾಗಿಲು ಒಂದಡಿ ಇಳಿದು, ಏನನ್ನೋ ಮರೆತವರಂತೆ ಮತ್ತೆ ಮೇಲಕ್ಕೆ ಹೋಗತೊಡಗಿತು. ಮೋಟಾರಿನ ದೀಪ ಹತ್ತು ಸಲ ಮಿನುಗುತ್ತಿತ್ತು. ಅಂದರೆ ಸೆನ್ಸರ್ ದೋಷ: ಬಾಗಿಲಿನ ಎರಡೂ ಬದಿ ಎದುರುಬದುರಾಗಿ ಕೂತು, ನಡುವಿನ ಕಿರಣಕ್ಕೆ ಏನಾದರೂ ಅಡ್ಡ ಬಂದರೆ ಬಾಗಿಲನ್ನು ಮೇಲಕ್ಕೆ ಕಳಿಸುವ ಜೋಡಿ ಕಣ್ಣುಗಳಲ್ಲಿ ತೊಂದರೆ. ಗೋಡೆಯ ಗುಂಡಿಯನ್ನು ಕೊನೆಯವರೆಗೂ ಒತ್ತಿ ಹಿಡಿದರೆ ಮಾತ್ರ ಮುಚ್ಚುತ್ತಿತ್ತು.

ನಮ್ಮವರು ಜೇಡರ ಬಲೆ ತೆಗೆದು ಗಾಜು ಒರೆಸಿದರು. ಫಲವಿಲ್ಲ. ಫೋನಿನಲ್ಲಿ ವಿಚಾರಿಸಿದ ರಿಪೇರಿಯವನು ಬಾಗಿಲನ್ನು ನೋಡದೆಯೇ ಮೋಟಾರನ್ನೂ ಬದಲಿಸಿ ಎಂದ. ನಾನು ನಲವತ್ತು ಡಾಲರ್ ಕೊಟ್ಟು ಈ ಸೆನ್ಸರ್ ಜೋಡಿಯನ್ನು ತರಿಸಿದೆ.

ಜೋಡಣೆ ಸುಲಭ. ಮೋಟಾರಿನ ಪ್ಲಗ್ ಕಿತ್ತು, ಬಿಳಿ ತಂತಿಗೆ ಬಿಳಿಯನ್ನೂ ಕಪ್ಪು ಗೆರೆಯದ್ದಕ್ಕೆ ಕಪ್ಪು ಗೆರೆಯದ್ದನ್ನೂ ಸೇರಿಸಿದರೆ ಮುಗಿಯಿತು. ನೆಲದಿಂದ ಆರು ಇಂಚಿಗಿಂತ ಮೇಲೆ ಕೂರಿಸಬಾರದು. ತೆವಳುವ ಮಗು ಬಾಗಿಲಿನಡಿ ಸಿಕ್ಕಿಕೊಳ್ಳದಿರಲೆಂದೇ ಇವು ಇರುವುದು. 1993ರಿಂದ ತಯಾರಾದ ಮನೆಬಳಕೆಯ ಯಂತ್ರಗಳಿಗೆ ಇಂಥ ರಕ್ಷಣೆಯನ್ನು ಇಲ್ಲಿನ ಕಾನೂನು ಕಡ್ಡಾಯ ಮಾಡಿದೆ. ಕಿರಣ ಕಳಿಸುವ ಕಣ್ಣಿನಲ್ಲಿ ಹಳದಿ ದೀಪ, ಹಿಡಿಯುವ ಕಣ್ಣಿನಲ್ಲಿ ಹಸಿರು. ಎರಡೂ ಅಲುಗದೆ ಉರಿದವು. ನಾನು ಬೀಗಿದೆ.

ಮರುದಿನ ಸಂಜೆ ನಾಲ್ಕೂವರೆಗೆ ಮತ್ತೆ ಅದೇ ಕಥೆ.

ತುಮಕೂರಿನಿಂದ ಬಂದಿದ್ದ ಅತ್ತೆ ನಕ್ಕರು: "ದೀಪ ಹಚ್ಚುವ ಹೊತ್ತಿಗೆ ಬಾಗಿಲು ಹಾಕಬಾರದು ಅಂತ ಅದಕ್ಕೂ ಗೊತ್ತಿದೆ. ಬೆಳಿಗ್ಗೆ ಸರಿಯಾಗಿಯೇ ಮುಚ್ಚುತ್ತದಲ್ಲ!"

ಬೆಳಿಗ್ಗೆ ಮುಚ್ಚುತ್ತದೆ, ಸಂಜೆ ಮುಚ್ಚುವುದಿಲ್ಲ. ಇದು ನನಗೆ ಹೊಳೆದಿರಲೇ ಇಲ್ಲ. ಓಡಿಹೋಗಿ ನೋಡಿದರೆ ಹಸಿರು ದೀಪ ಆರಿತ್ತು. ನೈಋತ್ಯಕ್ಕೆ ಇಳಿದಿದ್ದ ಸೂರ್ಯನ ಓರೆ ಬಿಸಿಲು ಉತ್ತರದ ಬದಿಯ ಹಿಡಿಯುವ ಕಣ್ಣಿಗೆ ನೇರವಾಗಿ ಬಡಿಯುತ್ತಿತ್ತು. ರಟ್ಟಿನ ತುಂಡನ್ನು ಅಡ್ಡ ಹಿಡಿದೆ, ಹಸಿರು ಮರಳಿತು. ತೆಗೆದೆ, ಮತ್ತೆ ಆರಿತು. ಮಕ್ಕಳಂತೆ ನಾಲ್ಕೈದು ಸಲ ಇದನ್ನೇ ಮಾಡಿದೆ.

ಎರಡು ಕಣ್ಣುಗಳನ್ನೂ ಅದಲುಬದಲು ಮಾಡಿ, ಹಿಡಿಯುವುದನ್ನು ದಕ್ಷಿಣದ ನೆರಳಿಗೆ ಹಾಕಿದೆ. ಅಂದಿನಿಂದ ತಕರಾರಿಲ್ಲ. ಕುತೂಹಲಕ್ಕೆ ಹಳೆಯ ಜೋಡಿಯನ್ನೂ ಹೀಗೆಯೇ ಹಾಕಿ ನೋಡಿದೆ. ಅದೂ ಚೆನ್ನಾಗಿಯೇ ಕೆಲಸ ಮಾಡಿತು! ನಲವತ್ತು ಡಾಲರ್ ನನ್ನ ಅವಸರದ ದಂಡ.

ಹಾಗಾಗಿ ವಸ್ತುವಿನಲ್ಲಿ ದೋಷವಿಲ್ಲ. ಜೊತೆಗೆ ಬಂದ ಕಾಗದದಲ್ಲಿ ಬಿಸಿಲಿನ ಬಗ್ಗೆ ಒಂದಕ್ಷರವೂ ಇಲ್ಲದ್ದಕ್ಕೆ ಒಂದು ನಕ್ಷತ್ರ ಕಡಿತ. ನಿಮ್ಮ ಬಾಗಿಲೂ ಹೊತ್ತು ನೋಡಿ ಹಟ ಮಾಡುತ್ತಿದ್ದರೆ, ಇದನ್ನು ಕೊಳ್ಳುವ ಮುಂಚೆ ಒಂದು ರಟ್ಟಿನ ತುಂಡು ಹುಡುಕಿ.