ಪ್ರತಿಸ್ಪರ್ಧಿ ಆ್ಯಪ್‌ಗಳ ಅಧ್ಯಯನ: ಫೀಚರ್ ಪಟ್ಟಿಯೋ, ಬಳಸಿ ನೋಡುವುದೋ, ಬಳಕೆದಾರರ ಕೈಗೆ ಕೊಡುವುದೋ?

ಹೆಚ್ಚಿನ ತಂಡಗಳು ಮೊದಲು ತೆರೆಯುವುದು ಸ್ಪ್ರೆಡ್‌ಶೀಟ್: ಎಡಕ್ಕೆ ಫೀಚರ್‌ಗಳು, ಮೇಲೆ ಕಂಪನಿಗಳು, ನಡುವೆ ಟಿಕ್ ಗುರುತು. ಬೆಲೆ, ಪ್ಲಾನ್‌ಗಳ ಮಿತಿ ಹೋಲಿಸಲು ಇಷ್ಟು ಸಾಕು. ವಿನ್ಯಾಸದ ತೀರ್ಮಾನಕ್ಕೆ ಮಾತ್ರ ಇದನ್ನು ನೆಚ್ಚಿಕೊಳ್ಳಬೇಡಿ. ‘ಸರ್ಚ್ ಇದೆ’ ಎಂಬ ಟಿಕ್, ಕಾಗುಣಿತ ತಪ್ಪಿದರೂ ಫಲಿತಾಂಶ ಬರುತ್ತದೆಯೇ ಎಂದು ಹೇಳುವುದಿಲ್ಲ. ಖಾಲಿ ಖಾನೆ ಕಂಡರೆ ತುಂಬಬೇಕೆನಿಸುತ್ತದೆ. ಯಾರಿಗೂ ಬೇಡದ ಫೀಚರ್‌ಗಳು ಹುಟ್ಟುವುದು ಹೀಗೆಯೇ.

ಒಂದು ಹಂತವನ್ನು ಹೇಗೆ ರೂಪಿಸಬೇಕು ಎಂಬ ಪ್ರಶ್ನೆಯಿದ್ದರೆ ನೀವೇ ಬಳಸಿ ನೋಡಿ. ಒಂದೇ ಕೆಲಸ ಆರಿಸಿ. ಆರ್ಡರ್ ರದ್ದು ಮಾಡುವುದು ಎಂದಿಟ್ಟುಕೊಳ್ಳಿ. ಹೊಸ ಇಮೇಲ್‌ನಿಂದ ಹೊಸ ಖಾತೆ ತೆರೆಯಿರಿ, ಹಳೆಯ ಖಾತೆಯಲ್ಲಿ ಮೊದಲ ದಿನದ ಪರದೆಗಳು ಕಾಣುವುದೇ ಇಲ್ಲ. ಸ್ಕ್ರೀನ್ ರೆಕಾರ್ಡಿಂಗ್ ಹಾಕಿ, ಎಷ್ಟು ಪರದೆ, ಎಷ್ಟು ಕಡ್ಡಾಯ ಖಾನೆ, ತಪ್ಪು ಫೋನ್ ನಂಬರ್ ಕೊಟ್ಟರೆ ಯಾವ ಸಂದೇಶ, ಎಲ್ಲವನ್ನೂ ಬರೆದಿಡಿ. ಮಧ್ಯದಲ್ಲಿ ನೆಟ್ ಆಫ್ ಮಾಡಿಯೂ ನೋಡಿ. ಅಲ್ಲಿ ನಿಜವಾದ ಗುಣಮಟ್ಟ ಗೊತ್ತಾಗುತ್ತದೆ. ನಿಮಗೆ ಕಂಡದ್ದು ಎ/ಬಿ ಪರೀಕ್ಷೆಯ (ಬೇರೆ ಬೇರೆ ಬಳಕೆದಾರರಿಗೆ ಬೇರೆ ಬೇರೆ ರೂಪ ತೋರಿಸಿ ಹೋಲಿಸುವುದು) ಒಂದು ರೂಪವಷ್ಟೇ ಆಗಿರಬಹುದು, ಆದ್ದರಿಂದ ಇನ್ನೊಂದು ಫೋನ್, ಇನ್ನೊಂದು ಖಾತೆಯಿಂದಲೂ ಪರೀಕ್ಷಿಸಿ. ದಿನಾಂಕ, ಆವೃತ್ತಿ ಬರೆಯದ ಸ್ಕ್ರೀನ್‌ಶಾಟ್ ಮುಂದೆ ಉಪಯೋಗಕ್ಕೆ ಬಾರದು.

ಆದರೆ ನಿಮಗೆ ಸಲೀಸಾದದ್ದು ಜನರಿಗೂ ಸಲೀಸೇ? ಅದಕ್ಕೆ 6 ಬಳಕೆದಾರರನ್ನು ಕರೆದು, ಎರಡು ಆ್ಯಪ್‌ಗಳಲ್ಲಿ ಅದೇ ಕೆಲಸ ಕೊಡಿ. ಮೂವರಿಗೆ ಕ್ರಮ ಅದಲುಬದಲು ಮಾಡಿ. ಇಲ್ಲದಿದ್ದರೆ ಮೊದಲನೆಯದರಲ್ಲಿ ಕಲಿತದ್ದು ಎರಡನೆಯದಕ್ಕೆ ಲಾಭವಾಗುತ್ತದೆ. ದುಬಾರಿ ಹೌದು, ಆದರೂ ದೊಡ್ಡ ಮರುವಿನ್ಯಾಸಕ್ಕೆ ಮುನ್ನ ಇದನ್ನು ಬಿಡಬೇಡಿ.

ಅಷ್ಟು ಸಮಯವಿಲ್ಲವೇ? ಆ್ಯಪ್ ಸ್ಟೋರ್‌ನಲ್ಲಿ 2 ಮತ್ತು 3 ಸ್ಟಾರ್ ವಿಮರ್ಶೆಗಳನ್ನು ಓದಿ. ಬಿಡಲು ಮನಸ್ಸಿಲ್ಲದೆ ಬಳಸುತ್ತಿರುವವರ ದೂರು ಅಲ್ಲಿ ವಿವರವಾಗಿ ಸಿಗುತ್ತದೆ.