ಡೈನೋಸಾರ್ ಅಗೆಯುವ ಕಿಟ್: ಕೊಳ್ಳಿ, ಒಳಗಿನ ಚೀಟಿ ತಿದ್ದಿಕೊಳ್ಳಿ

ಹುಬ್ಬಳ್ಳಿಯ ದುರ್ಗದ ಬೈಲಿನ ಆಸುಪಾಸಿನ ಆಟಿಕೆ ಅಂಗಡಿಗಳಲ್ಲಿ, ಆನ್‌ಲೈನ್‌ನಲ್ಲಿ ಹುಡುಕಿದರೆ ಸಿಗುವ ಈ ಕಿಟ್‌ನಲ್ಲಿ ಇರುವುದು ಒಂದು ಜಿಪ್ಸಂ ಗಡ್ಡೆ, ಅದರೊಳಗೆ ಪ್ಲಾಸ್ಟಿಕ್ ಎಲುಬುಗಳು, ಪುಟ್ಟ ಉಳಿ, ಸುತ್ತಿಗೆ, ಬ್ರಷ್. ಐದಾರು ವರ್ಷದ ಮಕ್ಕಳಿಗೆ ಡೈನೋಸಾರ್ ಪರಿಚಯಿಸಲು ರಬ್ಬರ್ ಗೊಂಬೆಗಳ ಸೆಟ್‌ಗಿಂತ ಇದೇ ವಾಸಿ. ಈ ಪ್ರಾಣಿಗಳ ಬಗ್ಗೆ ನಮಗೆ ಗೊತ್ತಾಗಿದ್ದು ಕಲ್ಲಿನಿಂದ ಬಿಡಿಸಿ ತೆಗೆದ ಎಲುಬು, ಮೊಟ್ಟೆ, ಹೆಜ್ಜೆಗುರುತುಗಳಿಂದ ಎಂಬುದು ಅಗೆಯುವಾಗ ಮಗುವಿಗೆ ತಾನಾಗಿ ತಿಳಿಯುತ್ತದೆ.

ಗಡ್ಡೆ ಬಹಳ ಗಟ್ಟಿ. ಒಣದಾಗಿಯೇ ಕುಟ್ಟಿದರೆ ಹತ್ತು ನಿಮಿಷಕ್ಕೆ ಮಗು ಬೇಸತ್ತು ಜೋರಾಗಿ ಹೊಡೆಯುತ್ತದೆ, ಬಾಲದ ತೆಳು ಎಲುಬು ಮುರಿಯುತ್ತದೆ. ಚಮಚದಿಂದ ನೀರು ಹನಿಸಿ, ಎರಡು ನಿಮಿಷ ಬಿಟ್ಟು, ಅಂಚಿನಿಂದ ಕೆರೆಯಲು ಹೇಳಿಕೊಡಿ. ಪೂರ್ತಿ ಮುಳುಗಿಸಿದರೆ ಕೆಸರಾಗಿ ಅಗೆಯುವ ಮಜಾನೇ ಉಳಿಯುವುದಿಲ್ಲ. ಒದ್ದೆಯಿದ್ದರೆ ದೂಳೂ ಏಳುವುದಿಲ್ಲ. ಹಿತ್ತಲಲ್ಲಿ ಅಗಲವಾದ ಪರಾತದ ಮೇಲೆ ಇಟ್ಟು ಕೂರಿಸಿ. ಬಾಯಿಗೆ ಹಾಕುವ ವಯಸ್ಸಿನ ತಮ್ಮ-ತಂಗಿ ಇದ್ದರೆ ಎಲುಬುಗಳನ್ನು ಎಣಿಸಿ ಎತ್ತಿಡಿ.

ಕಿಟ್‌ನ ಒಳಗಿನ ಮಾಹಿತಿ ಚೀಟಿಯದ್ದೇ ತೊಂದರೆ. ಅನೇಕ ಸೆಟ್‌ಗಳಲ್ಲಿ ಹಾರುವ ಟೆರನೊಡಾನ್ ಮತ್ತು ಆನೆಯಂಥ ಮ್ಯಾಮತ್‌ಗಳನ್ನೂ ಡೈನೋಸಾರ್ ಎಂದೇ ಹಾಕಿರುತ್ತಾರೆ. ಎರಡೂ ಅಲ್ಲ, ಮ್ಯಾಮತ್ ಸಸ್ತನಿ, ಡೈನೋಸಾರ್‌ಗಳು ಅಳಿದು ಕೋಟ್ಯಂತರ ವರ್ಷಗಳ ನಂತರದ್ದು. ಟಿ-ರೆಕ್ಸ್‌ನ ಕೈಬೆರಳು ಎಣಿಸಿ: ಎರಡೇ ಇರಬೇಕು. ಬಾಲ ನೆಲಕ್ಕೆ ಎಳೆಯುವಂತೆ ನಿಲ್ಲಿಸಿದ್ದರೆ ಅದು ಹಳೆಯ ಕಲ್ಪನೆ. ಬಾಲ ನೆಲ ಮುಟ್ಟದೆ ಹಿಂದಕ್ಕೆ ಚಾಚಿರಬೇಕು. ನಮ್ಮ ದೇಶದ ಪ್ರಾಣಿಗಳ ಸುದ್ದಿಯಂತೂ ಸಾಮಾನ್ಯವಾಗಿ ಇರುವುದೇ ಇಲ್ಲ. ಗುಜರಾತಿನ ರಹಿಯೋಲಿಯಲ್ಲಿ ಸಿಕ್ಕ, 2003ರಲ್ಲಿ ಹೆಸರಿಟ್ಟ ಮಾಂಸಾಹಾರಿ ರಾಜಾಸಾರಸ್, ಗೋದಾವರಿ ಕಣಿವೆಯ ಸಸ್ಯಾಹಾರಿ ಬರಪಾಸಾರಸ್, ಇವೆರಡನ್ನೂ ನೀವೇ ಸೇರಿಸಿ ಹೇಳಿ.

ಗಡ್ಡೆ ಮುಗಿದ ಮೇಲೆ ಮಗು ಹಿತ್ತಲು ಅಗೆಯೋಣ ಎನ್ನುವುದು ಖಂಡಿತ. ಉತ್ತರ ಸಿದ್ಧವಿರಲಿ. ಡೈನೋಸಾರ್‌ಗಳು ಬದುಕಿದ್ದು ಸುಮಾರು 23 ಕೋಟಿಯಿಂದ 6.6 ಕೋಟಿ ವರ್ಷಗಳ ಹಿಂದೆ. ಧಾರವಾಡ, ಗದಗಿನ ಕಪ್ಪತಗುಡ್ಡದ ಬಂಡೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಆ ಬಂಡೆ ಉಂಟಾದಾಗ ಪ್ರಾಣಿಗಳೇ ಇರಲಿಲ್ಲ, ಹಾಗಾಗಿ ಅದರೊಳಗೆ ಎಲುಬು ಸಿಗದು. ಇಷ್ಟು ಹಳೆಯ ಕಲ್ಲಿನ ಮೇಲೆ ನಿಂತಿದ್ದೇವೆ ಎನ್ನುವುದೂ ಮಕ್ಕಳಿಗೆ ಹೇಳಲೇಬೇಕಾದ ವಿಷಯ.

ಎಲುಬುಗಳನ್ನು ಮತ್ತೆ ಹೂಳಬಹುದು. ಕೆರೆದು ಬಿದ್ದ ಪುಡಿಗೆ ನೀರು ಕಲಸಿದರೆ ಅದು ಮತ್ತೆ ಗಟ್ಟಿಯಾಗುವುದಿಲ್ಲ, ಹೊಸ ಪಿಓಪಿಯೇ (ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿ) ಬೇಕು. ಎರಡು ಬಟ್ಟಲು ಪಿಓಪಿ, ಎರಡು ಬಟ್ಟಲು ಸಾಣಿಸಿದ ಉಸುಕು, ಸುಮಾರು ಒಂದೂಕಾಲು ಬಟ್ಟಲು ನೀರು. ಉಸುಕು ಸೇರುವುದರಿಂದ ಗಡ್ಡೆ ಅಂಗಡಿಯದ್ದಕ್ಕಿಂತ ಮೆದುವಾಗಿ, ಮಕ್ಕಳ ಕೈಗೆ ಬಗ್ಗುತ್ತದೆ. ಉಸುಕಿನ ಬದಲು ಎರೆಮಣ್ಣು ಹಾಕಬೇಡಿ, ಒಣಗುವಾಗ ಬಿರುಕು ಬಿಡುತ್ತದೆ. ಎಲುಬಿಗೆ ಎಣ್ಣೆ ಸವರಿ, ಹಳೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅರ್ಧ ಸುರಿದು, ಎಲುಬಿಟ್ಟು, ಉಳಿದದ್ದು ಸುರಿಯಿರಿ. ಗಟ್ಟಿಯಾಗುವಾಗ ಪಿಓಪಿ ಚರ್ಮ ಸುಡುವಷ್ಟು ಕಾಯಬಲ್ಲದು. ಮಗು ಅದರೊಳಗೆ ಕೈ ಇಡದಂತೆ ನೋಡಿಕೊಳ್ಳಿ, ಕಲಸುವುದು ದೊಡ್ಡವರೇ. ಎರಡು ದಿನ ಒಣಗಲಿ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಮಿಕ್ಕ ಪಿಓಪಿಯನ್ನು ಬಚ್ಚಲಿಗೆ ಸುರಿದರೆ ಪೈಪಿನೊಳಗೇ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಹಳೇ ಪೇಪರಿನಲ್ಲಿ ಸುತ್ತಿ ಕಸಕ್ಕೆ ಹಾಕಿ.