ಹಳೇ ಕಾರು ಕೊಳ್ಳುವ ಮುಂಚೆ ಎಂಒಟಿ ಇತಿಹಾಸ ನೋಡಿ: ಐದಕ್ಕೆ ಐದು
ಲೆಸ್ಟರ್‌ಗೆ ಬಂದ ಮೇಲೆ 2012ರ ಹೋಂಡಾ ಜಾಝ್ ಹುಡುಕುತ್ತಿದ್ದೆ. ಇಂಗ್ಲೆಂಡಿನಲ್ಲಿ ಕಾರಿಗೆ 3 ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಎಂಒಟಿ, ಅಂದರೆ ಕಾರು ರಸ್ತೆಗಿಳಿಯಲು ಸುರಕ್ಷಿತವೇ ಅಂತ ನೋಡುವ ಪರೀಕ್ಷೆ, ಕಡ್ಡಾಯ. ಹಳೇ ಫಲಿತಾಂಶಗಳು ಸರ್ಕಾರದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಕಾರಿನ ನಂಬರ್ ಹಾಕಿದರೆ ಸಾಕು.

ಮೊದಲು ನೋಡಿದ ಕಾರು ಹೊರಗೆ ಫಳಫಳ ಹೊಳೆಯುತ್ತಿತ್ತು. ಇತಿಹಾಸ ತೆಗೆದರೆ, ಬ್ರೇಕ್ ಪೈಪಿಗೆ ತುಕ್ಕು ಅಂತ ಸತತ 3 ವರ್ಷ ಎಚ್ಚರಿಕೆ, ನಾಲ್ಕನೇ ವರ್ಷ ಫೇಲ್! ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರಲ್ವಾ, ಅದು ಕಾರಿನ ಅಡಿಭಾಗವನ್ನು ತಿಂದುಹಾಕುತ್ತದೆ. ಮಾರುವವರು ಬಾಯಿಬಿಡಲಿಲ್ಲ. ತುಂಬಾ ಬೇಜಾರಾಯಿತು.

ಎರಡನೇ ಕಾರಿಗೆ ಟೈರ್ ಸವೆದಿದೆ ಅಂತ ಮಾತ್ರ ಬರೆದಿತ್ತು. ಮೈಲಿ ಲೆಕ್ಕವೂ ವರ್ಷದಿಂದ ವರ್ಷಕ್ಕೆ ಸರಿಯಾಗಿ ಏರಿತ್ತು. ಅದನ್ನೇ ಕೊಂಡೆ. ಹೋದ ತಿಂಗಳು ಒಂದು ಬಲ್ಬ್ ಬದಲಿಸಿದೆ, ಪರೀಕ್ಷೆ ಪಾಸಾಯಿತು.